ಪ್ರಯಾಣ ಆದೇಶದಲ್ಲಿ ಇದ್ದವರು ವಿಮೆಯಲ್ಲಿ ಏಕಿಲ್ಲ?

ನೌಕರರನ್ನು ಹೊರದೇಶದ ರಾಯಭಾರ ಕಚೇರಿಗೆ ಕಳುಹಿಸುವ ಸರ್ಕಾರವು ಅವರೊಡನೆ ಹೊರಡುವ ಕುಟುಂಬದವರ ಹೆಸರನ್ನೂ ಪ್ರಯಾಣ ಆದೇಶದಲ್ಲಿ ನಮೂದಿಸಿ ಟಿಕೆಟ್ಟಿನ ಖರ್ಚು ಭರಿಸುತ್ತದೆ. ಹಾಗೆ ನಮೂದಾದ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ದೊರಕುವಂತೆ ನೋಡಿಕೊಳ್ಳುವುದೂ ಅದರದೇ ಹೊಣೆಯಾಗಬೇಕು. ಅಮೆರಿಕದ ಒಕ್ಕೂಟ ಸರ್ಕಾರ ಈ ಹೊಣೆಯನ್ನು ಇಂದಿಗೂ ಪೂರ್ತಿಯಾಗಿ ಹೊತ್ತಿಲ್ಲ. ಅಲ್ಲಿನ ನೌಕರರ ಆರೋಗ್ಯ ವಿಮೆಗೆ ಆಧಾರವಾದ 1959ರ ಕಾಯ್ದೆಯ ದೃಷ್ಟಿಯಲ್ಲಿ ಕುಟುಂಬವೆಂದರೆ ಪತಿ ಅಥವಾ ಪತ್ನಿ ಮತ್ತು ಮಕ್ಕಳು ಮಾತ್ರ. ವಿದೇಶಾಂಗ ಇಲಾಖೆಯ ಪ್ರಯಾಣ ನಿಯಮಗಳಲ್ಲಾದರೋ ನೌಕರರನ್ನೇ ನೆಚ್ಚಿಕೊಂಡ ತಂದೆತಾಯಿಗೂ ಜಾಗವಿದೆ.

ಈ ಇಬ್ಬಂದಿಗೆ ಕಾನೂನನ್ನು ಮುಂದೊಡ್ಡುವವರು ಸಲಿಂಗ ಸಂಗಾತಿಗಳ ವಿಷಯದಲ್ಲಿ ನಡೆದುದನ್ನು ಗಮನಿಸಬೇಕು. ಮದುವೆಯೆಂದರೆ ಗಂಡು ಹೆಣ್ಣಿನ ನಡುವಿನದು ಮಾತ್ರ ಎಂದು ಒಕ್ಕೂಟದ ಮಟ್ಟದಲ್ಲಿ ವಿಧಿಸಿದ 1996ರ ವಿವಾಹ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದ್ದ ಕಾಲದಲ್ಲಿ, ರುಮೇನಿಯಾದಲ್ಲಿ ರಾಯಭಾರಿಯಾಗಿದ್ದ ಮೈಕೇಲ್ ಗೆಸ್ಟ್ ಇಂಥ ಸಂಗಾತಿಗಳಿಗೆ ಸೌಲಭ್ಯ ನಿರಾಕರಿಸುವ ನೀತಿಯನ್ನು ಪ್ರತಿಭಟಿಸಿ 2007ರಲ್ಲಿ ಸೇವೆಯನ್ನೇ ತೊರೆದರು. ಆದರೆ 2009ರಲ್ಲಿ, ಕಾಯ್ದೆಯ ಒಂದಕ್ಷರವೂ ಬದಲಾಗದಿದ್ದರೂ, ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ರಾಯಭಾರ ಕಚೇರಿಯ ಚಿಕಿತ್ಸಾಲಯವನ್ನೂ ತುರ್ತು ವೈದ್ಯಕೀಯ ಸ್ಥಳಾಂತರವನ್ನೂ, ಅಂದರೆ ರೋಗಿಯನ್ನು ತಕ್ಕ ಆಸ್ಪತ್ರೆಯಿರುವ ಊರಿಗೆ ಸಾಗಿಸುವ ಸೌಲಭ್ಯವನ್ನೂ, ಈ ಸಂಗಾತಿಗಳಿಗೆ ವಿಸ್ತರಿಸಿದರು. ಅಲ್ಲಿಯವರೆಗಿನ ನಿರಾಕರಣೆಯಲ್ಲಿ ಕಾನೂನಿನ ಪಾಲೆಷ್ಟು, ಮನಸ್ಸಿಲ್ಲದಿದ್ದುದರ ಪಾಲೆಷ್ಟು ಎಂಬುದು ಇದರಿಂದಲೇ ಬಯಲಾಯಿತು. ಕಾನೂನು ನಿಜವಾಗಿ ತಡೆದದ್ದು ವಿಮೆಯನ್ನು. ಆ ಬಾಗಿಲು 2013ರ ಜೂನ್‌ನಲ್ಲಿ, 1996ರ ಕಾಯ್ದೆಯ ಮದುವೆಯ ವ್ಯಾಖ್ಯೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿದ ವಿಂಡ್ಸರ್ ಪ್ರಕರಣದ ತೀರ್ಪು ಬಂದ ಮೇಲೆ ತೆರೆಯಿತು, ಅದೂ ವಿವಾಹಿತರಿಗಷ್ಟೇ.

ತಂದೆತಾಯಿಯ ಪಾಲಿಗೆ ಅದು ಇನ್ನೂ ಮುಚ್ಚಿಯೇ ಇದೆ. ಅರವತ್ತೈದು ದಾಟಿದವರಿಗಾಗಿ ಅಮೆರಿಕ ಸರ್ಕಾರವೇ ನಡೆಸುವ ಮೆಡಿಕೇರ್ ವಿಮೆಯು ಕೆಲವೇ ಅಪವಾದಗಳನ್ನು ಬಿಟ್ಟರೆ ದೇಶದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲವಾದ್ದರಿಂದ, ಮಗಳ ಜೊತೆ ವಿದೇಶಕ್ಕೆ ಹೋದ ತಾಯಿಯು ತವರಿನಲ್ಲಿದ್ದಾಗ ಇದ್ದ ರಕ್ಷಣೆಯನ್ನೂ ಅಲ್ಲಿ ಕಳೆದುಕೊಳ್ಳುತ್ತಾಳೆ. ವೃದ್ಧರನ್ನು ಸೇರಿಸಿಕೊಂಡರೆ ಎಲ್ಲ ನೌಕರರ ಪ್ರೀಮಿಯಂ ಏರುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಪ್ರಯಾಣ ಆದೇಶದಲ್ಲಿ ಹೆಸರಿರುವವರಿಗೆ, ನಿಯೋಜನೆಯ ಅವಧಿಗಷ್ಟೇ, ನೌಕರರಿಂದ ಹೆಚ್ಚುವರಿ ಕಂತು ಪಡೆದು ರಕ್ಷಣೆ ನೀಡಿದರೆ ಆ ಹೊರೆಗೂ ಒಂದು ಮಿತಿ ಇರುತ್ತದೆ. ಇದಕ್ಕಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1959ರ ಕಾಯ್ದೆಯ ಕುಟುಂಬದ ವ್ಯಾಖ್ಯೆಯನ್ನು ತಿದ್ದಬೇಕು. ಇನ್ನೊಂದು ಮೊಕದ್ದಮೆಯ ತೀರ್ಪಿಗಾಗಿ ಕಾಯುತ್ತ ಕೂರುವುದು ಶಾಸಕರು ತಮ್ಮ ಕೆಲಸವನ್ನು ನ್ಯಾಯಾಲಯದ ತಲೆಗೆ ಕಟ್ಟಿದಂತೆಯೇ ಸರಿ.