ಓದಿದವನ ತಲೆ ಮೇಲಿನ ಸಾಲ



ನಮ್ಮ ಕೇರಿಗಳಲ್ಲಿ ಹೊಸ ಜಗಳವೊಂದು ಶುರುವಾಗಿದೆ. ಮೊದಲು ಅಣ್ಣತಮ್ಮಂದಿರು ಬದುವಿಗೆ, ಗೋಡೆಗೆ ಹೊಡೆದಾಡ್ತಿದ್ರು. ಈಗ ‘ನಿನ್ನ ಓದಿಗೆ ಅಪ್ಪ ಎಷ್ಟು ಸುರಿದ, ನನಗೆ ಎಷ್ಟು ಕೊಟ್ಟ’ ಅಂತ ಕೇಳ್ತಾರೆ. ‘ನಾಲ್ಕಕ್ಷರ ಕಲಿತ ಕೂಡಲೆ ದುರಾಸೆ ಬಂತು ನೋಡು’ ಅಂತ ಹಿರಿಯರು ನಗ್ತಾರೆ. ನಾನು ನಗುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಇದು.

ನಮ್ಮ ಮನೆ ಸಂಗತಿಯನ್ನೇ ಹೇಳ್ತೀನಿ. ನಾವು ಮೂವರು. ಹಿರಿಯವನಾದ ನಾನು ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದೆ. ಕಾಲೇಜಿನೋರು ದುಡ್ಡು ಕೇಳೋದು ವರ್ಷದ ಮೊದಲಿಗೆ, ಸ್ಕಾಲರ್‌ಶಿಪ್ ಬರೋದು ವರ್ಷದ ಕೊನೆಗೆ. ಈ ನಡುವಿನ ಗುಂಡಿ ತುಂಬೋಕೆ ಅಪ್ಪ ಜೋಡೆತ್ತು ಮಾರಿದ, ಹೊಲ ಭೋಗ್ಯಕ್ಕೆ ಹಾಕಿದ. ಅವ್ವ ಸಂಘದಲ್ಲಿ ಸಾಲ ಎತ್ತಿದಳು. ತಂಗಿ ನರ್ಸಿಂಗ್ ಓದ್ತೀನಿ ಅಂದಿದ್ದಳು. ‘ಅಣ್ಣಂದು ಮುಗೀಲಿ ತಡಿ’ ಅಂತ ತಾಲೂಕಿನ ಸರ್ಕಾರಿ ಕಾಲೇಜಿಗೆ ಬಿ.ಎ.ಗೆ ಹಾಕಿದರು. ತಮ್ಮ ಪಿಯುಸಿಗೇ ಬಿಟ್ಟು ಗಾರೆ ಕೆಲಸಕ್ಕೆ ಹೋದ. ಅವನ ವಾರದ ಬಟವಾಡೆ ನನ್ನ ಊಟದ ಬಿಲ್ಲಿಗೆ ಬರ್ತಿತ್ತು. ನಾನು ಅದನ್ನ ‘ಅಪ್ಪ ಕಳಿಸಿದ ದುಡ್ಡು’ ಅಂತಿದ್ದೆ.

ಮೋಸ ಇರೋದು ಈ ಮಾತಿನಲ್ಲೇ. ಉಳ್ಳವರ ಮನೆಯಲ್ಲಿ ಅಪ್ಪ ಓದಿಸ್ತಾನೆ. ನಮ್ಮ ಮನೆಗಳಲ್ಲಿ ಒಬ್ಬನನ್ನ ಓದಿಸೋಕೆ ಒಡಹುಟ್ಟಿದವರು ತಮ್ಮ ಓದು ಬಿಡ್ತಾರೆ. ಆದರೂ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇರೋದಿಲ್ಲ.

ಬಾಬಾಸಾಹೇಬರ ಮನೆಯನ್ನೇ ನೋಡಿ. ಭೀಮ ಪುಸ್ತಕ ಕೇಳಿದಾಗ ಪಿಂಚಣಿದಾರ ತಂದೆ ರಾಮ್‌ಜಿ ಹೋಗ್ತಿದ್ದದ್ದು ಮದುವೆಯಾದ ಹೆಣ್ಣುಮಕ್ಕಳ ಮನೆಗೆ. ಮದುವೆಯಲ್ಲಿ ತಾವೇ ಕೊಟ್ಟಿದ್ದ ಒಡವೆಯನ್ನ ಮಗಳಿಂದ ಇಸ್ಕೊಂಡು, ಅಡವಿಟ್ಟು, ಪುಸ್ತಕ ತರ್ತಿದ್ದರು. ಪಿಂಚಣಿ ಬಂದ ಮೇಲೆ ಒಡವೆ ಬಿಡಿಸ್ತಿದ್ದರು. ಅಣ್ಣ ಆನಂದರಾವ್ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದರು. 1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದರು ಅಂತ ನಾವು ಭಾಷಣ ಮಾಡ್ತೀವಿ. ಆ ಅಕ್ಕಂದಿರ ಒಡವೆಯ ಮಾತು ಎತ್ತೋದಿಲ್ಲ. ಬಾಬಾಸಾಹೇಬರು ಮರೆತವರಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನೂ ಅಣ್ಣನ ಮಗನನ್ನೂ ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕಿದರು.

ಹಾಗಾದರೆ ಎಲ್ಲ ಮಕ್ಕಳಿಗೂ ಸಮ ದುಡ್ಡು ಕೊಡಬೇಕೆ? ಬೇಡ. ಬಿ.ಎ.ಗೆ ಬೇಕಾದಷ್ಟೇ ಇಂಜಿನಿಯರಿಂಗಿಗೂ ಅಂದರೆ ಯಾರೂ ಇಂಜಿನಿಯರ್ ಆಗೋದಿಲ್ಲ. ಓದು ಕೇಳಿದಷ್ಟು ಕೊಡಬೇಕು. ಆದರೆ ಯಾರಿಂದ ತಂದು ಯಾರಿಗೆ ಕೊಟ್ಟೆವು ಅನ್ನೋದನ್ನ ಮೂರೂ ಮಕ್ಕಳನ್ನ ಕೂರಿಸ್ಕೊಂಡು ಹೇಳಬೇಕು, ಬರೆದಿಡಬೇಕು. ಯಾರಿಗೆ ಯಾವ ಓದು ಅನ್ನೋದನ್ನ ಗಂಡು ಹೆಣ್ಣು ನೋಡಿ ತೀರ್ಮಾನಿಸಬಾರದು. ಮೊದಲು ದಡ ಮುಟ್ಟಿದವನು ಹಿಂದಿನವರನ್ನ ಕೈಹಿಡಿದು ಎಳೀಬೇಕು.

ಇನ್ನು ಪಾಲಿನ ಮಾತು. ಮೂರು ಎಕರೆಯಲ್ಲಿ ಎರಡು ಎಕರೆ ಓದಿಗೆ ಕರಗಿಸಿದ ಸಾಹೇಬ ಉಳಿದ ಒಂದು ಎಕರೆಯಲ್ಲಿ ಸಮಪಾಲು ಕೇಳಿದರೆ, ಕಾನೂನು ಕೊಡಬಹುದು, ನ್ಯಾಯ ಕೊಡೋದಿಲ್ಲ. ‘ನಿನ್ನ ಮದುವೆಗೆ ಖರ್ಚು ಮಾಡಿದ್ದೀವಲ್ಲ’ ಅಂತ ತಂಗಿ ಬಾಯಿ ಮುಚ್ಚಿಸೋರಿಗಂತೂ ಕಾನೂನೂ ಇಲ್ಲ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ.

ಅಪ್ಪನನ್ನ ಬಯ್ದು ಸುಮ್ಮನಾಗೋದೂ ತಪ್ಪು. ಮೂವರಲ್ಲಿ ಒಬ್ಬನನ್ನ ಆರಿಸು ಅಂತ ಅವನ ಕುತ್ತಿಗೆ ಮೇಲೆ ಕೂತದ್ದು ಯಾರು? ನಮ್ಮ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿದ್ದಾಗ. ಎಂಬತ್ತು ವರ್ಷ ಆದ ಮೇಲೂ ಅದು ಕಾಲಕ್ಕೆ ಸರಿಯಾಗಿ ಕೈಗೆ ಬರೋದಿಲ್ಲ ಅಂದರೆ, ಆ ತಡ ಒಂದೊಂದು ದಿನವೂ ಯಾವಳೋ ತಂಗಿಯ ಓದನ್ನ ತಿನ್ನುತ್ತೆ. ಹಾಸ್ಟೆಲಿಗೆ, ಸ್ಕಾಲರ್‌ಶಿಪ್ಪಿಗೆ ಬೀದಿಗಿಳಿದು ಕೇಳೋಣ. ಕೇಳುವ ಮುಂಚೆ ಮನೆಯೊಳಗಿನ ಬಾಕಿಯನ್ನೂ ನೋಡಿಕೊಳ್ಳೋಣ.

ನಾನು ಈಗ ತಮ್ಮನ ಮಗಳ ಫೀಜು ಕಟ್ತಿದ್ದೀನಿ. ಹೊಲ ಬಿಡಿಸಿ ನನ್ನ ಪಾಲು ಬಿಟ್ಟುಕೊಟ್ಟಿದ್ದೀನಿ. ಯಾರೂ ಇದನ್ನ ದೊಡ್ಡ ಗುಣ ಅನ್ನಬೇಡಿ. ಇದು ಸಾಲದ ಕಂತು. ತಂಗಿ ಓದದೇ ಹೋದ ನರ್ಸಿಂಗ್ ಮಾತ್ರ ಯಾವ ಕಂತಿನಲ್ಲೂ ತೀರೋದಿಲ್ಲ. ಅದನ್ನ ನಾನು ಹೊತ್ತುಕೊಂಡೇ ಇರಬೇಕು.