ಸೌನಾ ಹಾಕ್ಸೋ ಮೊದಲು ಬಚ್ಚಲು ಮನೆ ನೋಡಿ

ಹೋಂಸ್ಟೇ ಮಾಡಿರೋ ಪರಿಚಯದವರು ಇತ್ತೀಚೆಗೆ ಕೇಳ್ತಾ ಇರ್ತಾರೆ, "ತೋಟದಲ್ಲಿ ಒಂದು ಸೌನಾ ಹಾಕ್ಸೋಣ ಅಂತಿದ್ದೀವಿ, ಯಾವ್ದು ಒಳ್ಳೇದು?" ಅಂತ. ನನ್ನ ಅಭಿಪ್ರಾಯ ಇಷ್ಟೇ. ಪುಷ್ಯ ಮಳೆಯಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದಿದ್ರೂ ನಡೆಯೋದಾದ್ರೆ ಹಾಕ್ಸಿ. ಇಲ್ಲಾಂದ್ರೆ ಆ ದುಡ್ಡಲ್ಲಿ ಬಚ್ಚಲು ಮನೆ ರಿಪೇರಿ ಮಾಡ್ಸಿ.

ಸೌನಾ ಅಂದ್ರೆ ಹಬೆ ಕೋಣೆ ಅಲ್ಲ. ಮರದ ಹಲಗೆ ಹೊಡೆದ ಕೋಣೆ, ಒಳಗೆ ಒಲೆ, ಒಲೆ ಮೇಲೆ ಕಲ್ಲು. ಒಣ ಶಾಖ 80–90 ಡಿಗ್ರಿವರೆಗೆ ಏರುತ್ತೆ. ಕಾದ ಕಲ್ಲಿಗೆ ಆಗಾಗ ಒಂದು ಚೊಂಬು ನೀರು ಎರಚ್ತಾರೆ. ಫಿನ್‌ಲ್ಯಾಂಡ್‌ನಲ್ಲಿ ಜನ ಸುಮಾರು 55 ಲಕ್ಷ, ಸೌನಾ ಸುಮಾರು 30 ಲಕ್ಷ. 2020ರಲ್ಲಿ ಯುನೆಸ್ಕೋ ಅದನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ಹಿಂದೆ ಅಲ್ಲಿ ಬಾಣಂತನ ಕೂಡ ಸೌನಾದಲ್ಲೇ ಆಗ್ತಿತ್ತು. ಬಾಣಂತಿಗೆ ಹಂಡೆ ನೀರು ಹೊಯ್ದ ನಮ್ಮ ಅಜ್ಜಿಯಂದಿರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆಯ್ಕೆ ವಿಷಯ. ಕರೆಂಟಿನ ಸೌನಾಕ್ಕೆ ಕೋಣೆಯ ಒಂದು ಘನ ಮೀಟರಿಗೆ ಹೆಚ್ಚುಕಮ್ಮಿ ಒಂದು ಕಿಲೋವ್ಯಾಟ್ ಲೆಕ್ಕ. ಮೂರು ಜನ ಕೂರೋ ಕೋಣೆಗೆ 6 ಕಿಲೋವ್ಯಾಟ್, ಅಂದ್ರೆ ಎರಡು ಮೂರು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಸಿಂಗಲ್ ಫೇಸಲ್ಲಿ 26 ಆಂಪಿಯರ್ ಎಳೆಯುತ್ತೆ. ಲೈನ್ ಮೇಲೆ ಮರ ಬೀಳೋ ನಮ್ಮೂರಲ್ಲಿ, ಚಳಿ ಜಾಸ್ತಿ ಇರೋ ದಿನವೇ ಅದು ತಣ್ಣಗಿರುತ್ತೆ. ಇನ್‌ಫ್ರಾರೆಡ್ ಕಮ್ಮಿ ಕರೆಂಟ್ ತಿನ್ನುತ್ತೆ ನಿಜ, ಆದ್ರೆ ಅದರಲ್ಲಿ ಕಲ್ಲೂ ಇಲ್ಲ, ನೀರು ಎರಚೋದೂ ಇಲ್ಲ.

ನಮಗೆ ಸೌದೆ ಒಲೆಯೇ ಸರಿ. ಕುಯ್ಲು ಮುಗಿದ ಮೇಲೆ ಕಸಿ ಮಾಡಿದ ಕಾಫಿ ರೆಂಬೆ, ಮರಗಸಿ ಸೌದೆ ಹೇಗಿದ್ರೂ ಇರುತ್ತೆ. ಜೂನ್ ಒಳಗೆ ಒಣಗಿಸಿ ಕೊಟ್ಟಿಗೆಗೆ ಸೇರಿಸಿರಬೇಕು, ಅಷ್ಟೆ. ಹಸಿ ಸೌದೆ ಹಾಕಿದ್ರೆ ಶಾಖ ಇಲ್ಲ, ಹೊಗೆ ಮಾತ್ರ.

ಆದ್ರೆ ಕೆಲವು ವಿಷಯದಲ್ಲಿ ಅಡ್ಡದಾರಿ ಹಿಡೀಬೇಡಿ:

ಹೊಗೆ ಕೊಳವೆ ಮಾಡಿನ ಮೇಲಕ್ಕೆ ಹೋಗಬೇಕು. ಒಲೆ ಹತ್ತಿರ ಕೆಳಗೆ ಗಾಳಿ ಒಳಗೆ ಬರೋಕೆ ಕಿಂಡಿ, ಎದುರು ಗೋಡೆಯಲ್ಲಿ ಹೊರಗೆ ಹೋಗೋಕೆ ಇನ್ನೊಂದು ಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಗ್ಯಾಸ್ ಗೀಸರ್ ಹಾಕಿದ ಮುಚ್ಚಿದ ಬಾತ್‌ರೂಮಲ್ಲಿ ಜನ ಸಾಯೋದೂ ಅದರಿಂದಲೇ.

ಬಾಗಿಲು ಹೊರಕ್ಕೆ ತೆರೀಬೇಕು, ಚಿಲಕ ಬೇಡ.

ಒಳಗೆ ಪ್ಲೈವುಡ್ಡು, ವಾರ್ನಿಷ್ಷು ಬೇಡ, ಕಾದ್ರೆ ವಿಷದ ವಾಸನೆ ಬಿಡುತ್ತೆ.

ಭದ್ರಾ ಹೊಳೆಯಿಂದ ಚಂದದ ಕಲ್ಲು ಆರಿಸಿ ತರಬೇಡಿ. ಹೊಳೆ ಕಲ್ಲಲ್ಲಿ ನೀರು ಸೇರ್ಕೊಂಡಿದ್ರೆ ಕಾದಾಗ ಸಿಡಿಯುತ್ತೆ. ಸೌನಾಕ್ಕೆ ಅಂತಲೇ ಸಿಗೋ ಕಲ್ಲು ತಗೊಳ್ಳಿ.

ಕುಡಿದ ಗೆಸ್ಟನ್ನ ಒಳಗೆ ಬಿಡಬೇಡಿ. ಹೃದಯದ ತೊಂದರೆ ಇರೋರು, ಬಸುರಿಯರು ಡಾಕ್ಟರನ್ನ ಕೇಳದೆ ಕೂರಬಾರದು. ಬೇರೆಯವರಿಗೂ ಒಂದು ಸಲಕ್ಕೆ ಹತ್ತು-ಹದಿನೈದು ನಿಮಿಷ ಸಾಕು.

ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಅಟ್ಯಾಚ್ ಬಾತ್‌ರೂಮ್ ಬಂತು ಅಂತ ಹಳೇ ಬಚ್ಚಲು ಮನೆ ಕೆಡವಿ, ತಾಮ್ರದ ಹಂಡೆ ಗುಜರಿಗೆ ಹಾಕ್ತಾರೆ. ಆಮೇಲೆ ಅದೇ ಜಾಗದಲ್ಲಿ ಸಾಲ ಮಾಡಿ ಸೌನಾ ಕಟ್ತಾರೆ. ಸೌನಾದಲ್ಲಿ ಮೂರು ಗೆಸ್ಟ್ ಕೂರಬಹುದು. ಹಂಡೆ ಒಲೆ ಒಂದು ಉರೀತಿದ್ರೆ ಮನೆಯವರಿಗೆ, ಮಳೇಲಿ ನೆಂದು ಬಂದ ಆಳುಗಳಿಗೆ, ಎಲ್ಲರಿಗೂ ಬಿಸಿನೀರು. ದೀಪಾವಳಿಗೆ ನೀರು ತುಂಬೋ ಹಬ್ಬ ಮಾಡೋಕೆ ಹಂಡೆಯೇ ಇಲ್ಲದಿದ್ರೆ ತುಂಬೋದು ಬಕೆಟ್ಟಿಗಾ?

ಹಾಗಾಗಿ ಸೌನಾ ಬೇಕೇ ಬೇಕು ಅನ್ನೋರು ಬಚ್ಚಲು ಮನೆ ಪಕ್ಕಕ್ಕೇ ಒಂದು ಸಣ್ಣ ಕೋಣೆ ಸೇರಿಸಿ. ಸೌದೆ ಕೊಟ್ಟಿಗೆ ಒಂದೇ ಆಗುತ್ತೆ, ಬೆವರಿ ಹೊರಗೆ ಬಂದವನಿಗೆ ಹದವಾದ ನೀರೂ ಕೈಗೆ ಸಿಗುತ್ತೆ. ಹಂಡೆ ಮಾತ್ರ ಮಾರಬೇಡಿ.