ಪಾಸ್ ಔಟ್ ಆದವನು ತಲೆ ತಿರುಗಿ ಬಿದ್ದವನಲ್ಲ

ಪ್ಲೇಸ್‌ಮೆಂಟ್‌ಗೆ ಮುಂಚೆ ನಡೆಯೋ ಅಣಕು ಸಂದರ್ಶನದಲ್ಲಿ ಗುಂಡ್ಲುಪೇಟೆಯ ಗೆಳೆಯನೊಬ್ಬ ತನ್ನ ಪರಿಚಯ ಹೇಳ್ಕೊಳ್ತಾ 'ಐ ಪಾಸ್ಡ್ ಔಟ್ ಫ್ರಮ್ ಚಾಮರಾಜನಗರ' ಅಂದ. ಡಿಪ್ಲೊಮಾ ಮುಗಿಸಿದ್ದು ಅಲ್ಲಿ ಅಂತ ಅವನ ಅರ್ಥ. 'ಹೌದಾ, ಆಸ್ಪತ್ರೆಗೆ ಯಾರು ಸೇರಿಸಿದ್ರು?' ಅಂದರು ಎದುರಿಗಿದ್ದವರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆಮೇಲಿನ ಪ್ರಶ್ನೆಗಳು ಅವನೇ ಮಾಡಿದ ಪ್ರಾಜೆಕ್ಟ್ ಬಗ್ಗೆ ಇದ್ದವು. ಅವನು ಬಾಯೇ ಬಿಡಲಿಲ್ಲ.

ರೂಮಿಗೆ ಬಂದು ಡಿಕ್ಷನರಿ ನೋಡಿದೆವು. 'ಪಾಸ್ ಔಟ್' ಅಂದರೆ ಎಚ್ಚರ ತಪ್ಪುವುದು, ನಿಜ. ಆದರೆ ಅದೊಂದೇ ಅಲ್ಲ. ಹಂಚುವುದು ಅಂತಲೂ ಇದೆ: 'ಪಾಸ್ ಔಟ್ ದ ಪೇಪರ್ಸ್'. ಪೇಪರ್ಸ್ ಬದಲು 'ದೆಮ್' ಬಂದರೆ ಅದು ನಡುವೆ ಕೂರಬೇಕು: 'ಪಾಸ್ ದೆಮ್ ಔಟ್'. ಇನ್ನೊಂದು, ಬ್ರಿಟಿಷ್ ಇಂಗ್ಲಿಷಿನಲ್ಲಿ ಸೈನ್ಯದ ತರಬೇತಿ ಮುಗಿಸಿ ಹೊರಬರುವುದು. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ 'ಪಾಸಿಂಗ್ ಔಟ್ ಪರೇಡ್' ಟಿವಿಯಲ್ಲಿ ನೋಡಿಲ್ವಾ? ಅಲ್ಲಿ ಯಾರೂ ತಲೆ ತಿರುಗಿ ಬೀಳಲ್ಲ. ನಮ್ಮ ಗೆಳೆಯನ ಮಾತು ಈ ಅರ್ಥದ ಪಕ್ಕದ ಮನೆಯದೇ. ನಮ್ಮ ದೇಶದ ಕೆಲಸದ ಜಾಹೀರಾತುಗಳಲ್ಲೂ '2024 ಪಾಸ್‌ಔಟ್ಸ್' ಅಂತಲೇ ಬರೀತಾರೆ. ಅದನ್ನು ಓದಿ ಯಾರೂ ನಗಲ್ಲ.

ಇಂಥ ಜೋಡಿ ಪದಗಳು ನಮಗೇನು ಹೊಸವಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗ್ತಾ ತೆರಕಣಾಂಬಿ ಹತ್ರ ಬೈಕ್ ಕೈ ಕೊಡ್ತು ಅಂದರೆ, ಬೈಕಿಗೆ ಕೈ ಎಲ್ಲಿದೆ ಅಂತ ಕೇಳ್ತೀವಾ? ಕೆಲಸಕ್ಕೆ ಕೈ ಹಾಕಿದ, ಅರ್ಧಕ್ಕೇ ಕೈ ಬಿಟ್ಟ, ಕಷ್ಟದಲ್ಲಿ ಕೈ ಹಿಡಿದ. 'ಕೈ' ಒಂದೇ, ಜೊತೆಯ ಕ್ರಿಯಾಪದ ಬದಲಾದರೆ ಅರ್ಥವೇ ಬೇರೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಹಾಗೇ ಇದ್ದು ಹಿಂದಿನ ಸಣ್ಣ ಪದ ಬದಲಾಗುತ್ತೆ. 'ಪಾಸ್ ಆನ್' ಅಂದರೆ ದಾಟಿಸು, 'ಪಾಸ್ ಅವೇ' ಅಂದರೆ ತೀರಿಕೊಳ್ಳು. 'ಕೈ ಕೊಡು' ಅನ್ನೋದನ್ನ ನಾವು ಪಟ್ಟಿ ಮಾಡಿ ಉರು ಹೊಡೀಲಿಲ್ಲ, ಮಾತಾಡ್ತಾ ಕೇಳಿ ಕಲಿತೆವು. ಇದನ್ನೂ ಹಾಗೇ ವಾಕ್ಯದ ಜೊತೆಗೇ ಕಲೀಬೇಕು.

ಹಾಗಂತ ಎಲ್ಲ ಕಡೆ 'ಪಾಸ್ಡ್ ಔಟ್' ಅನ್ನಿ ಅಂತ ನಾವು ಹೇಳ್ತಿಲ್ಲ. ಹೊರದೇಶದವರು ಓದೋ ರೆಸ್ಯೂಮೆಯಲ್ಲಿ 'ಗ್ರಾಜುಯೇಟೆಡ್' ಅಂತಲೋ 'ಕಂಪ್ಲೀಟೆಡ್ ಮೈ ಡಿಪ್ಲೊಮಾ' ಅಂತಲೋ ಬರೆಯೋದೇ ಒಳ್ಳೇದು. ಯಾಕಂದ್ರೆ ಓದುವವರಿಗೆ ಗೊಂದಲ ಆಗಬಾರದು. ನಮ್ಮದು ಕೀಳು ಇಂಗ್ಲಿಷ್ ಅಂತಲ್ಲ.

ಕನ್ನಡ ಮೀಡಿಯಂನಿಂದ ಬಂದವರಿಗೆ ಇಂಗ್ಲಿಷ್ ಬರದೇ ಇರೋದಕ್ಕಿಂತ, ತಪ್ಪಾದ್ರೆ ನಗ್ತಾರೆ ಅನ್ನೋ ಭಯವೇ ಜಾಸ್ತಿ. ಆ ಭಯದಲ್ಲಿ ಗೊತ್ತಿರೋ ಉತ್ತರವೂ ಗಂಟಲಲ್ಲೇ ಉಳಿಯುತ್ತೆ. ಅವತ್ತು ನಕ್ಕವರಲ್ಲಿ ನಾವೂ ಇದ್ದೆವು, ಅದು ನಮ್ಮ ತಪ್ಪು. ಇನ್ನು ಮುಂದೆ ಗೆಳೆಯರ ಮಾತು ತಿದ್ದೋದಿದ್ರೆ ಅವರು ಹೇಳಿ ಮುಗಿಸಲಿ. ಆಮೇಲೆ ಕ್ಯಾಂಟೀನಲ್ಲಿ ಟೀ ಕುಡೀತಾ ತಿದ್ದೋಣ.